ಮನೆ ವಾಪಸ್ ಕೊಟ್ಟ ಶಾಂತಾಬಾಯಿ

ಸರಕಾರದ ಮನೆ ಬೇಕೆಂದು ಎಷ್ಟೋ ಜನರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಬೇಡವೆಂದು ಬರೆದುಕೊಟ್ಟದ್ದು ಕಳೆದ ತಿಂಗಳೇ ಮೊದಲು.

ಬರೆಸಲು ಬಂದವರು ಶಾಂತಾಬಾಯಿ. ಗಾಜಿಪುರದ ನಮ್ಮ ಓಣಿಯ ಹಿಂದೆ ಸರಕಾರ ಕಟ್ಟಿಸಿದ ಕಡಿಮೆ ಬಾಡಿಗೆಯ ಮನೆಗಳಿವೆ. ಎರಡನೇ ಮಹಡಿಯಲ್ಲಿ ತಾಯಿ, ಮಗಳು ಇಬ್ಬರೇ ಇದ್ದರು. ಜಗತ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಶಾಂತಾಬಾಯಿ ಆಯಾ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ಕಟ್ಟಡ ಬರಕೂಡದು ಎಂದು ಓಣಿಯವರು ಕೊಟ್ಟ ತಕರಾರು ಅರ್ಜಿ ಬರೆದವನೂ ನಾನೇ. (ಬೇಡವೆನ್ನಲು ಧೈರ್ಯವಿರಲಿಲ್ಲ ಎಂದಲ್ಲ, ನಾನೂ ನಂಬಿದ್ದೆ.) ಕಳ್ಳತನ ಹೆಚ್ಚುತ್ತದೆ, ಗಲೀಜಾಗುತ್ತದೆ, ನಮ್ಮ ಸೈಟಿನ ರೇಟು ಬೀಳುತ್ತದೆ ಎಂದೆಲ್ಲ ಬರೆದಿದ್ದೆ.

ಕಟ್ಟಡ ಬಂದೇ ಬಂತು. ಆದದ್ದೇನು? ಮಕ್ಕಳಿಲ್ಲದೆ ಮುಚ್ಚುವ ಹಂತದಲ್ಲಿದ್ದ ನಮ್ಮ ಸರಕಾರಿ ಶಾಲೆಯಲ್ಲಿ ಈಗ ಬೆಂಚು ಸಾಲದು. ಜಾಲಿಕಂಟಿ ಬೆಳೆದಿದ್ದ ಜಾಗದಲ್ಲಿ ಸಂಜೆ ತರಕಾರಿ ಬಂಡಿಗಳು ನಿಲ್ಲುತ್ತವೆ. ಸೈಟಿನ ರೇಟು? ತನ್ನ ಪಾಡಿಗೆ ತಾನು ಏರುತ್ತಲೇ ಇದೆ.

ಶಾಂತಾಬಾಯಿ ಮೊದಲು ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದವರು. ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರುತ್ತಿದ್ದವರು. “ಮಗಳ ಮಾರಿ ಬೆಳಕಿನ್ಯಾಗ ನೋಡಿದ್ದೇ ಈ ಮನಿಗಿ ಬಂದಮ್ಯಾಲ ನೋಡ್ರಿ,” ಎಂದು ಒಮ್ಮೆ ಹೇಳಿದ್ದರು. ಉಳಿದ ಹೊತ್ತು, ಉಳಿದ ದುಡ್ಡು ಎರಡೂ ಮಗಳ ಓದಿಗೆ ಹೋದವು. ಸವಿತಾ ನರ್ಸಿಂಗ್ ಮುಗಿಸಿದಳು. ಈಚೆಗೆ ಕೆಲಸವೂ ಸಿಕ್ಕಿತು.

“ಅಣ್ಣಾರ, ಮನಿ ವಾಪಸ್ ಕೊಡ್ತೀನಂತ ಒಂದು ಅರ್ಜಿ ಬರದು ಕೊಡ್ರಿ,” ಎಂದರು.

ನಾನು ಪೆನ್ನು ಕೆಳಗಿಟ್ಟೆ. “ಯಾರರೇ ಬಿಡ್ರಿ ಅಂದ್ರೇನು?”

“ಯಾರೂ ಅಂದಿಲ್ರೀ. ಮಗಳು ಈಗ ದುಡಿತಾಳ. ನನ್ನ ಜೋಡಿ ಬಸ್ಸಿನ್ಯಾಗ ಕಮಲಾಪುರದ ಸುಶೀಲಾ ಅಂತ ಒಬ್ಬಾಕಿ ಬರ್ತಿದ್ಲು. ಅಕಿ ಇನ್ನೂ ಬರಾಕತ್ತಾಳ. ಎರಡು ಸಣ್ಣ ಕೂಸು ಅದಾವ. ಪಟ್ಟ್ಯಾಗ ಮುಂದಿನ ಹೆಸರು ಅಕಿದೇ ಅದ. ನಾ ಬಿಟ್ರ ಅಲ್ಲ, ಅಕಿಗಿ ಸಿಗೋದು?”

ಹೀಗೂ ಇರುತ್ತಾರೆಯೇ? ಸರಕಾರದ್ದು ಒಮ್ಮೆ ಕೈಗೆ ಬಂದರೆ ಮೊಮ್ಮಕ್ಕಳವರೆಗೂ ಬಿಡದವರನ್ನು ನೋಡುತ್ತ ಬೆಳೆದವನು ನಾನು.

ಅರ್ಜಿ ಬರೆದು, ಕುತೂಹಲ ತಡೆಯದೆ ಜೊತೆಗೇ ಹೋದೆ. ಕಚೇರಿಯ ಕ್ಲರ್ಕ್ ಅದನ್ನು ಎರಡು ಸಲ ಓದಿದರು. “ಮನಿ ಕೇಳಾಕ ಫಾರ್ಮ್ ಅದ ರೀ ಅಕ್ಕಾರ. ಬಿಡಾಕ ಫಾರ್ಮೇ ಇಲ್ಲ,” ಎಂದರು. ಆಮೇಲೆ ಏನನ್ನಿಸಿತೋ, ಎದ್ದುನಿಂತು ತಮ್ಮ ಕುರ್ಚಿಯನ್ನೇ ಶಾಂತಾಬಾಯಿಯತ್ತ ಸರಿಸಿದರು.

ಬರುವಾಗ ಆಟೋದಲ್ಲಿ ಕೇಳಿದೆ. “ನೀವು ಇನ್ನ ಎಲ್ಲಿಗಿ ಹೋಗ್ತೀರಿ?”

“ಓಣಿ ಬಿಡಂಗಿಲ್ರೀ. ನಿಮ್ಮ ಮ್ಯಾಲಿನ ಖೋಲಿ ಖಾಲಿ ಅದ ಅಲ್ರೀ? ಎಲ್ಲಾರೂ ಏನು ಬಾಡಿಗಿ ಕೊಡ್ತಾರ, ಅದೇ ಕೊಡ್ತೀನಿ. ನನಗಂತ ಕಮ್ಮಿ ಮಾಡಬ್ಯಾಡ್ರಿ.”

ಎಂಥವರು ಬರುತ್ತಾರೋ ಎಂಬ ಭಯಕ್ಕೆ ವರ್ಷಗಟ್ಟಲೆ ಬೀಗ ಹಾಕಿಟ್ಟ ಕೋಣೆ ಅದು. ಹೂಂ ಎಂದು ತಲೆಯಾಡಿಸಿದೆ.

ಮನೆ ತನ್ನ ಹೆಸರಿಗೆ ಮಂಜೂರಾಗಿ, ಮೊನ್ನೆ ಭಾನುವಾರ ಮಧ್ಯಾಹ್ನ ಸುಶೀಲಾ ಬಂದಳು. ಒಂದು ಟ್ರಂಕು, ಎರಡು ಮಕ್ಕಳು, ಕಂಕುಳಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಸಣ್ಣವಳು ಖಾಲಿ ಮನೆಯಲ್ಲಿ ಓಡಾಡಿ, ನಲ್ಲಿ ತಿರುಗಿಸಿ, ನೀರು ಬಂದದ್ದಕ್ಕೆ ನಕ್ಕಳು.

ಶಾಂತಾಬಾಯಿ ಸುಶೀಲಾಳ ಕೈಗೆ ಕೀಲಿ ಇಟ್ಟರು. ಭಾಷಣವಿಲ್ಲ, ಕಣ್ಣೀರಿಲ್ಲ. “ಹಿಂದಿನ ಖಿಡಕಿ ತೆರದು ಇಡು. ಗಾಳಿ ಚಲೋ ಬರ್ತದ,” ಎಂದು ಮೆಟ್ಟಿಲಿಳಿದರು.

ನಾನು ಅಲ್ಲೇ ನಿಂತಿದ್ದೆ. ಅಗತ್ಯ ತೀರಿದ ದಿನ ಕೀಲಿ ಕೊಟ್ಟು ಇಳಿದುಬರುವ ಈ ವಿದ್ಯೆಯನ್ನು, ಇಷ್ಟೆಲ್ಲ ಓದಿದ ನಮಗೆ ಯಾಕೆ ಯಾರೂ ಕಲಿಸಲಿಲ್ಲ?