ಶಾನ್ ಅವರ ಮಾತನ್ನು ನಾನು ಆಡಿದ ದಿನ

1998ರಲ್ಲಿ ನಾನು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ನಗರದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದಿ, ಗಂಡನ ಸಂಶೋಧನೆಯ ನೆಪದಲ್ಲಿ ಇಲ್ಲಿಗೆ ಬಂದು, ಡಚ್ ಕಲಿತು, ಮತ್ತೊಮ್ಮೆ ಪರೀಕ್ಷೆ ಬರೆದು ಸೇರಿದ ಕೆಲಸ ಅದು. ನನ್ನ ಬಳಿಗೆ ಬರುತ್ತಿದ್ದವರು ಹೆಚ್ಚಾಗಿ ಗಂಟಲ ಕ್ಯಾನ್ಸರ್ ಇದ್ದವರು. ಅವರಿಗೆ ಮಾಡುವ ಶಸ್ತ್ರಚಿಕಿತ್ಸೆಗೆ ಲ್ಯಾರಿಂಜೆಕ್ಟಮಿ ಎನ್ನುತ್ತಾರೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ, ಆಮೇಲೆ ಉಸಿರಾಟವೆಲ್ಲ ಕತ್ತಿನಲ್ಲಿ ಮಾಡಿದ ರಂಧ್ರದ ಮೂಲಕ. ಹುಟ್ಟಿನಿಂದ ಬಂದ ದನಿ ಮತ್ತೆಂದೂ ಬರುವುದಿಲ್ಲ. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಸಣ್ಣದೊಂದು ವಾಲ್ವ್ ಕೂರಿಸಿದರೆ ಬೇರೆಯದೇ ಒಂದು ಒರಟು ದನಿ ಹೊರಡುತ್ತದೆ. ಆ ದನಿಯಲ್ಲಿ ಮಾತಾಡುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು.

ಆ ವರ್ಷದ ಚಳಿ ಶುರುವಾಗುವ ಹೊತ್ತಿಗೆ ಶಾನ್ ದಾಖಲಾದರು. ಐರ್ಲೆಂಡಿನವರು, ಅರವತ್ತರ ಆಸುಪಾಸು. ಈ ಸೀಮೆಯಲ್ಲಿ ಗ್ಯಾಸ್ ಪೈಪ್‌ಲೈನ್ ಹಾಕುವಾಗ ವೆಲ್ಡರ್ ಆಗಿ ಬಂದು ಇಲ್ಲೇ ಉಳಿದುಬಿಟ್ಟಿದ್ದರು. ದನಿ ಹೋಗುವ ಮುಂಚೆ ಯಾರನ್ನಾದರೂ ಕರೆಸಬೇಕೇ ಎಂದು ಕೇಳಿದೆ.

"ಡಬ್ಲಿನ್‌ನಲ್ಲಿ ಮಗ ಇದಾನೆ. ಒಂಬತ್ತು ವರ್ಷದವನಿದ್ದಾಗ ಬಿಟ್ಟು ಬಂದೆ. ಬರಲ್ಲ ಬಿಡಿ" ಎಂದರು.

ಆದರೂ ಫೋನ್ ನಂಬರ್ ಕೊಟ್ಟರು. ಮಾಡಿದೆ. ಹ್ಯೂ ಎಂಬ ಆ ಮಗ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆಸ್ಪತ್ರೆಯ ವಿಳಾಸ ಬರೆದುಕೊಂಡು ಫೋನಿಟ್ಟ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ಕೈಯಲ್ಲೊಂದು ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಮೂವತ್ತು ದಾಟಿದ, ತಂದೆಯದೇ ಅಗಲ ಭುಜದ ಗಂಡಸು.

ಅಪ್ಪ ಮಗ ಸಂಜೆಯವರೆಗೆ ಕಿಟಕಿಯ ಪಕ್ಕ ಕೂತಿದ್ದರು. ನಾನು ಮನೆಗೆ ಹೊರಡುವಾಗ ಹ್ಯೂ ಕಾರಿಡಾರಿನಲ್ಲಿ ಸಿಕ್ಕ. ಮುಖ ಕೆಂಪೇರಿತ್ತು.

"ನಾಳೆಯಿಂದ ದನಿ ಇರಲ್ಲ ಅಂತ ಗೊತ್ತು ಅವರಿಗೆ. ಆದ್ರೂ ಇಷ್ಟೊತ್ತೂ ಬರೀ ಫುಟ್‌ಬಾಲ್ ವಿಷಯ ಮಾತಾಡಿದ್ರು. ಒಂದೇ ಒಂದು ಮಾತು ಬೇಕಿತ್ತು ನಂಗೆ, ಬರೀ ಒಂದು ಮಾತು."

ಮನೆಗೆ ಬಂದು ಗಂಡನಿಗೆ ಹೇಳಿದೆ. "ಅವರ ಮನೆ ವಿಷಯ ಅದು. ನೀನು ನಡುವೆ ಹೋಗ್ಬೇಡ ಕಣೇ" ಎಂದರು. ಅವರ ಮಾತು ಸರಿ ಎನ್ನಿಸಿತು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಗಾಯ ಮಾಗುವವರೆಗೆ ವಾಲ್ವ್ ಬಳಸುವಂತಿಲ್ಲ, ಹಾಗಾಗಿ ಮಾತಿಲ್ಲ. ಮೂರನೆಯ ದಿನ ನಾನು ನೋಡಲು ಹೋದಾಗ ಹ್ಯೂ ಮಂಚದ ಕಾಲ ಬಳಿ ನಿಂತಿದ್ದ. ತಂದೆ ತಿರುಗಿ ಮಾತಾಡಲಾರರು ಎಂಬುದೇ ಅವನಿಗೆ ಧೈರ್ಯ ಕೊಟ್ಟಿತ್ತೇನೋ.

"ಯಾಕೆ ಹೋದೆ ಅಪ್ಪ? ಬಾಗಿಲಲ್ಲಿ ಕಾಯ್ತಾ ಕೂತಿರ್ತಿದ್ದೆ ನಾನು. ಅಮ್ಮ ಸಾಯೋವಾಗ್ಲೂ ಬರ್ಲಿಲ್ವಲ್ಲ ನೀನು!"

ಬರೆಯಲು ಇಟ್ಟಿದ್ದ ಹಲಗೆಯನ್ನು ಶಾನ್ ಪಕ್ಕಕ್ಕೆ ತಳ್ಳಿ ತುಟಿ ಆಡಿಸಿದರು. ಉಸಿರು ಕತ್ತಿನಿಂದ ಸುಯ್‌ಗುಟ್ಟಿತೇ ಹೊರತು ಸದ್ದಿಲ್ಲ. ಹ್ಯೂ ನನ್ನ ಕಡೆ ತಿರುಗಿದ. "ಏನಂತಾರೆ? ನಿಮಗೆ ಗೊತ್ತಾಗುತ್ತಲ್ವಾ?"

ನನಗೆ ಗೊತ್ತಾಗಿತ್ತು. ತುಟಿ ಓದುವುದು ನಮ್ಮ ಕಸುಬಿನಲ್ಲಿ ತಾನಾಗಿಯೇ ಬರುವ ಅಭ್ಯಾಸ. ಕ್ಷಮಿಸು ಅಂತಿದಾರೆ ಎಂದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಶಾನ್ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕಿವಿಗೇನೂ ಆಗಿರಲಿಲ್ಲ. ನಾನು ಹೇಳುವ ಪ್ರತಿಯೊಂದು ಮಾತನ್ನೂ ಅವರು ಕೇಳುವವರಿದ್ದರು. ಅವರು ತುಟಿಯಾಡಿಸಿದಂತೆ ಒಂದೊಂದೇ ವಾಕ್ಯ ಹೇಳುತ್ತಾ ಹೋದೆ.

"ನಮ್ಮಪ್ಪ ನನ್ನ ಹೊಡೀತಿದ್ದ. ಮನೆ ಬಿಟ್ಟ ಸಂಜೆ ನಾನು ನಿನ್ನ ಹೊಡೆದೆ. ಹೊಡೀತಾ ಇದ್ದಾಗ ನಿಲ್ಲಿಸ್ಬೇಕು ಅಂತ ಅನ್ನಿಸ್ಲಿಲ್ಲ ನಂಗೆ. ಇನ್ನೊಂದ್ಸಲ ಹೊಡೆದ್ರೆ ನೀನು ಸಾಯ್ತೀಯ ಅಂತ ಹೆದ್ರಿ ಹೊರಟೆ."

ಇಂಥ ಮಾತು ನನ್ನ ಬಾಯಿಂದ, ನನ್ನ ಮೈಸೂರು ಧಾಟಿಯ ಇಂಗ್ಲಿಷಿನಲ್ಲಿ ಹೊರಬಂದಿತ್ತು. ಹ್ಯೂ ಮಂಚದ ಕಂಬಿ ಹಿಡಿದುಕೊಂಡ. "ನಂಗೂ ಮೂರು ವರ್ಷದ ಮಗ ಇದಾನೆ. ಹೋದ ತಿಂಗಳು ಅವನ ಮೇಲೆ ಕೈ ಮಾಡಿದೆ" ಎಂದ. ಅಲ್ಲಿ ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ, ಅಷ್ಟೇ.

ಒಂದು ವಾರ ಇದ್ದು ಹ್ಯೂ ಊರಿಗೆ ಮರಳಿದ. ಶಾನ್ ವಾಲ್ವಿನ ದನಿಯನ್ನು ಹಟ ಹಿಡಿದು ಕಲಿತರು. ಈ ದನಿಯಲ್ಲಿ ಹಕಾರ ಬಹಳ ಕಷ್ಟ. ಎಷ್ಟು ತಿದ್ದಿದರೂ ಮಗನ ಹೆಸರು ಅವರ ಬಾಯಲ್ಲಿ ಯೂ ಎಂದೇ ಬರುತ್ತಿತ್ತು. ಪ್ರತಿ ಭಾನುವಾರ ಫೋನ್ ಮಾಡಿದಾಗ ಮಗನನ್ನು ಹಾಗೇ ಕರೆಯುತ್ತಿದ್ದರು. ಆ ದನಿಗೆ ಮೊಮ್ಮಗ ಅಳುತ್ತಿದ್ದನಂತೆ. ಅವರು ಅವನನ್ನು ಕಣ್ಣಾರೆ ನೋಡಲೇ ಇಲ್ಲ. ಮರುವರ್ಷ ಬೇಸಿಗೆಯಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ತೀರಿಕೊಂಡರು. ಹ್ಯೂ ಬಂದು ತಲುಪುವಷ್ಟರಲ್ಲಿ ಪ್ರಾಣ ಹೋಗಿತ್ತು.

ಮಣ್ಣು ಮಾಡಿದ ಮೇಲೆ ಅವನು ನನ್ನನ್ನು ನೋಡಲು ಆಸ್ಪತ್ರೆಗೆ ಬಂದ.

"ಅವತ್ತು ನೀವು ಬರೀ ಸಾರಿ ಅಂದಿದ್ರೆ ನಾನು ಅದೇ ಸಂಜೆ ವಾಪಸ್ ಊರಿಗೆ ಪ್ಲೇನ್ ಹತ್ತಿರ್ತಿದ್ದೆ, ಏನೂ ತಿಳೀತಿರ್ಲಿಲ್ಲ. ಈಗ ಮಗನ ಮೇಲೆ ಕೋಪ ಬಂದ್ರೆ ನಾನೂ ಎದ್ದು ಹೊರಗೆ ಹೋಗ್ತೀನಿ. ಬೀದಿ ಸುತ್ತಿ ತಣ್ಣಗಾದ್ಮೇಲೆ ವಾಪಸ್ ಬರ್ತೀನಿ."

ಆಮೇಲೂ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ರೋಗಿಯ ಪರವಾಗಿ ಮಾತಾಡಬೇಕಾಗಿ ಬಂದಾಗಲೆಲ್ಲ ಮಾತನ್ನು ಮೆದುವಾಗಿಸುವ ಆಸೆ ಹುಟ್ಟುತ್ತಿತ್ತು. ಹಾಗೆ ಮಾಡಲಿಲ್ಲ. ದನಿ ಕೊಡುವುದಷ್ಟೇ ನನ್ನ ಕಸುಬು, ಏನು ಹೇಳಬೇಕೆಂಬುದು ಅವರಿಗೆ ಸೇರಿದ್ದು.