ಸಿದ್ದಣ್ಣ ಸೋತ ಮಷೀನು

2002ರ ಬೇಸಿಗೆ. ಕಲಬುರಗಿಯ ಶಹಾಬಜಾರದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಮೊದಲು ಟಿವಿ ಮಾತ್ರ ಬಿಚ್ಚುತ್ತಿದ್ದೆ. ಊರೂರಿಗೆ ವಿಡಿಯೋ ಗೇಮ್ ಪಾರ್ಲರ್‌ಗಳು ಬಂದ ಮೇಲೆ ಗೇಮ್ ಮಷೀನಿನ ಮೆಕ್ಯಾನಿಕ್ಕೂ ಆದೆ. ಡಿಗ್ರಿ ಗಿಗ್ರಿ ಕೇಳಬೇಡಿ, ಇರಲಿಲ್ಲ.

ಆ ವರ್ಷ ಹೈದರಾಬಾದಿನ ವ್ಯಾಪಾರಿಗಳು ಖೂಬಾ ಪ್ಲಾಟ್‌ನ ಒಂದು ಕಲ್ಯಾಣ ಮಂಟಪದಲ್ಲಿ ಗೇಮ್ ಮೇಳ ಇಟ್ಟರು. ಮದುವೆ ಊಟದ ಹಾಲ್‌ನಲ್ಲಿ ಸಾಲಾಗಿ ಹೊಸ ಮಷೀನುಗಳು. ವಧೂವರರು ಕೂರುವ ವೇದಿಕೆಯ ಮೇಲೆ ಕಾರ್ ರೇಸಿಂಗ್ ಮಷೀನು: ಸೀಟು, ಸ್ಟೇರಿಂಗ್, ಎದುರಿಗೆ ಬಾಗಿಲಗಲದ ಪರದೆ. ಅಂಥದ್ದನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಮಷೀನು ಕೈಕೊಟ್ಟರೆ ಇರಲಿ ಎಂದು ನನ್ನನ್ನು ಕರೆದಿದ್ದರು.

ಪಾರ್ಲರ್ ಮಾಲೀಕರದು ಒಂದು ಪದ್ಧತಿ ಇತ್ತು. ವ್ಯಾಪಾರಿ ಎಷ್ಟೇ ಹೊಗಳಲಿ, ನಂಬುತ್ತಿರಲಿಲ್ಲ. ತಮ್ಮೂರಿನ ಜಬರ್ದಸ್ತ್ ಆಟಗಾರನನ್ನು ಕರೆತಂದು ಹೊಸ ಗೇಮ್ ಆಡಿಸುತ್ತಿದ್ದರು. ಅವನು ತಲೆ ಆಡಿಸಿದರೆ ಮಾತ್ರ ಸೌದಾ. ಕಮಲಾಪುರದ ಪಾರ್ಲರಿನ ಮಹಾದೇವಪ್ಪ ಕರೆತಂದದ್ದು ಸಿದ್ದಣ್ಣನನ್ನು. ಸಿದ್ದಣ್ಣ ಟೆಂಪೋ ಡ್ರೈವರ್. ಕಮಲಾಪುರದ ಕೆಂಪು ಬಾಳೆಹಣ್ಣು ಹೇರಿಕೊಂಡು ದಿನಾ ಕಲಬುರಗಿ ಮಾರ್ಕೆಟ್ಟಿಗೆ ಬರುತ್ತಿದ್ದ. ಕಾರ್ ಗೇಮಿನಲ್ಲಿ ಅವನನ್ನು ಸೋಲಿಸಿದವರೇ ಇಲ್ಲ. ಬೇರೆ ಊರಿನ ಮಾಲೀಕರೂ ಅವನ ತಲೆ ಯಾವ ಕಡೆ ಆಡುತ್ತದೆಂದು ಕಾಯುತ್ತಿದ್ದರು.

ಸಿದ್ದಣ್ಣ ಕೂತ. ಒಂದು ನಿಮಿಷ ಆಗಿರಲಿಲ್ಲ, ಎಡಗಡೆಯಿಂದ ಬಂದ ಲಾರಿಗೆ ಗುದ್ದಿದ. ಮತ್ತೆ ಆಡಿದ. ಈ ಸಲ ಬಲಗಡೆಯ ಬಸ್ಸಿಗೆ.

"ಏನೋ ಹುಲಿ, ದೊಡ್ಡ ಪಡದೆ ನೋಡಿ ಅಂಜಿದಿ?" ಎಂದ ಮಹಾದೇವಪ್ಪ. ಸುತ್ತಲಿನವರು ನಕ್ಕರು.

"ಅಂಜಾಕ ಇದೇನ್ ನಮ್ಮ ಅತ್ತಿ ಮನಿಯೇನ್ರಿ? ಮಷೀನೇ ಖರಾಬ್ ಅದ. ಗಾಡಿ ಎಲ್ಲಿಂದ ಬರ್ತಾವಂತ ತೋರ್ಸಂಗೇ ಇಲ್ಲ, ಒಮ್ಮೆಲೇ ಎದುರಿಗೆ ನಿಂತಿರ್ತಾವ."

ನಿನ್ನೆಯಷ್ಟೇ ಡಬ್ಬ ಬಿಚ್ಚಿದ ಹೊಸ ಮಷೀನಿಗೆ ಹೀಗಂದದ್ದಕ್ಕೆ ಅದನ್ನು ತಂದ ಯೂಸುಫ್ ಸಾಬ್ ಕೆರಳಿದರು. "ಖರಾಬ್? ಕಲ್ ಹೀ ಡಬ್ಬಾ ಖೋಲೇ ಮಿಯಾ! ಮೆಕ್ಯಾನಿಕ್ ಸಾಬ್, ಜರಾ ದೇಖೋ."

ಬಿಚ್ಚಿದೆ. ಬೋರ್ಡು, ಅಂದರೆ ಗೇಮ್ ತುಂಬಿರುವ ಸರ್ಕ್ಯೂಟ್, ಸರಿಯಿತ್ತು. ಪರದೆಯ ಅಂಚಿನಲ್ಲಿ ಚಿತ್ರ ಕಡಿದುಹೋಗಿರಲಿಲ್ಲ. ನಾನೇ ಆಡಿದೆ, ಎರಡೂ ಕಡೆಯ ಗಾಡಿಗಳು ದೂರದಿಂದಲೇ ಕಂಡವು. ಆಮೇಲೆ ಸಿದ್ದಣ್ಣನನ್ನು ಮತ್ತೆ ಆಡಿಸಿ, ಮಷೀನಿನ ಬದಲು ಅವನನ್ನೇ ನೋಡಿದೆ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತಿದ್ದ, ಕಿಂಡಿಯಿಂದ ಇಣುಕಿದ ಹಾಗೆ. ರಿಪೇರಿಗೆ ಹೋದಾಗ ನೋಡಿದ್ದೆ, ಪಾರ್ಲರಿನ ಸಣ್ಣ ಪರದೆಯೆದುರು ಅವನ ತಲೆ ಅಲುಗುತ್ತಲೇ ಇರಲಿಲ್ಲ.

ಮಷೀನಿನೊಳಗೆ ನೋಡಲು ಇಟ್ಟುಕೊಂಡಿದ್ದ ಸಣ್ಣ ಟಾರ್ಚ್ ನನ್ನ ಜೇಬಿನಲ್ಲಿತ್ತು. ಅವನ ಎಡಗಿವಿಯ ಹತ್ತಿರ ಹಿಡಿದು, "ನೀ ಸೀದಾ ಪಡದೆ ನೋಡು. ಲೈಟ್ ಮುಂದ ತರ್ತೀನಿ, ಕಂಡಕೂಡ್ಲೇ ಹೇಳು" ಎಂದೆ.

ಕಿವಿಯಿಂದ ಕೆನ್ನೆಯ ಮುಂದಕ್ಕೆ ತಂದೆ. ಇನ್ನೂ ಮುಂದಕ್ಕೆ ತಂದೆ. ಸಿದ್ದಣ್ಣ ಸುಮ್ಮನಿದ್ದ.

"ಹೇಳ್ತೀನ್ ತಡಿಯಪಾ. ಮೊದಲ ಟಾರ್ಚ್ ಹಚ್ಚು."

ಟಾರ್ಚ್ ಆಗಲೇ ಉರಿಯುತ್ತಿತ್ತು.

ಯಾರೂ ನಗಲಿಲ್ಲ. ಅದರಿಂದಲೇ ಅವನಿಗೆ ತಿಳಿಯಿತು. ಸ್ಟೇರಿಂಗ್ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಮ್ಮ ಸೋದರಮಾವಗ ಹಿಂಗೇ ಸುರು ಆಗಿತ್ತು," ಎಂದ. "ಮೊದಲ ಸಂಜಿ ಆದ್ರ ಕಾಣ್ತಿರ್ಲಿಲ್ಲ. ಆಮ್ಯಾಲ ಬಾಜೂಕ ಕುಂತವ್ರು. ಕಡೀಕ ಗ್ವಾಡಿ ಹಿಡ್ಕೊಂಡು ತಿರುಗ್ತಿದ್ದ. ನಾ ಸಣ್ಣಾಂವಿದ್ದಾಗ ಅವನ್ನ ಕಾಡಿಸಿ ನಗ್ತಿದ್ದೆ."

"ಏ ಹುಚ್ಚ, ನಿದ್ದಿ ಇಲ್ಲ ನಿನಗ, ಅಷ್ಟ," ಎಂದ ಮಹಾದೇವಪ್ಪ. ಅವನ ದನಿಯೇ ಅದನ್ನು ನಂಬಿರಲಿಲ್ಲ.

ಸಿದ್ದಣ್ಣ ಜೇಬಿನಿಂದ ಟೆಂಪೋ ಚಾವಿ ತೆಗೆದು ನನ್ನ ಕೈಗಿಟ್ಟ. "ಗಾಡಿ ಇಲ್ಲೇ ಅಂಗಳದಾಗ ಇರ್ಲಿ. ಟೆಂಪೋ ಮಾಲಕ್ರಿಗೆ ಫೋನ್ ಮಾಡಿ ಬ್ಯಾರೆ ಡ್ರೈವರ್‌ಗ ಕಳಸ್ರಿ ಅಂತ ಹೇಳು. ಮಾದೇವಪ್ಪಣ್ಣ, ಹೊತ್ತು ಮುಳುಗಾಕ ಬಂತು. ನಡೀರಿ, ಬಸ್ಸಿಗೆ ಹೋಗೂನು."

ಹೊರಡುವ ಮುಂಚೆ ಯೂಸುಫ್ ಸಾಬ್‌ಗೆ, "ಮಷೀನ್ ಛಲೋ ಅದ್ರಿ," ಎಂದು ತಲೆ ಆಡಿಸಿದ. ಆ ಮೇಳದಲ್ಲಿ ಅವನು ತಲೆ ಆಡಿಸಿದ್ದು ಅದೊಂದೇ ಸಲ. ಮಹಾದೇವಪ್ಪ ಆ ಮಷೀನು ಕೊಳ್ಳಲಿಲ್ಲ.

ಆಮೇಲೆ ತೋರಿಸಿದಾಗ ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದರಂತೆ. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಹೋಗುವ ಕಾಯಿಲೆ, ಮನೆತನದಲ್ಲೇ ಬರುವಂಥದ್ದು, ಮದ್ದಿಲ್ಲ. ಸಿದ್ದಣ್ಣ ಕಮಲಾಪುರದ ಬಸ್ ಸ್ಟ್ಯಾಂಡ್ ಎದುರು, ಮೊದಲು ಹೇರಿಕೊಂಡು ಬರುತ್ತಿದ್ದ ಬಾಳೆಹಣ್ಣನ್ನೇ ಕೂತು ಮಾರತೊಡಗಿದ. ನನ್ನನ್ನು ಒಂದೇ ಒಂದು ಕೇಳಿದ: "ಹಳೀ ಕಾರ್ ಗೇಮ್ ಸಣ್ಣ ಟಿವ್ಯಾಗ ಹಚ್ಚಿ ಕೊಡ್ತೀಯೇನು? ಅದರಾಗ ರಸ್ತಾ ಪೂರಾ ಕಾಣ್ತದ." ಪಾರ್ಲರಿನ ಹಳೆಯ ಬೋರ್ಡನ್ನು ಹದಿನಾಲ್ಕು ಇಂಚಿನ ಟಿವಿಗೆ ಜೋಡಿಸಿ ಅವನ ಮನೆಯಲ್ಲಿ ಇಟ್ಟು ಬಂದೆ.

ಗೇಮ್ ಪಾರ್ಲರ್‌ಗಳು ಮುಚ್ಚಿ ಎಷ್ಟೋ ಕಾಲವಾಯಿತು. ಈಗಲೂ ಯಾರಾದರೂ ಟಿವಿ ಸರಿಯಾಗಿ ಕಾಣುತ್ತಿಲ್ಲವೆಂದು ಕರೆದರೆ ನಾನು ಸ್ಕ್ರೂಡ್ರೈವರ್ ತೆಗೆಯುವ ಮೊದಲು ಅವರು ಕೂತು ನೋಡುವ ರೀತಿ ನೋಡುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಸಿದ್ದಣ್ಣನ ಮನೆಗೆ ಆಗಾಗ ಹೋಗುತ್ತಿದ್ದೆ. ದೂರ ಕೂತಷ್ಟೂ ರಸ್ತೆ ಕಣ್ಣಳತೆಗೆ ಸಿಗುತ್ತದೆ ಎನ್ನುತ್ತಿದ್ದ. ಹೋದಾಗಲೆಲ್ಲ ಅವನ ಕುರ್ಚಿ ಟಿವಿಯಿಂದ ಇನ್ನಷ್ಟು ಹಿಂದೆ ಸರಿದಿರುತ್ತಿತ್ತು. ಜಾಯ್‌ಸ್ಟಿಕ್ಕಿನ ವೈರಿಗೆ ನಾನು ಇನ್ನೊಂದು ತುಂಡು ಸೇರಿಸಿ ಬರುತ್ತಿದ್ದೆ.

ಕೊನೆಯ ಸಲ ಹೋದಾಗ ಕುರ್ಚಿ ಹಿಂದಿನ ಗೋಡೆಗೆ ತಾಗಿತ್ತು.