ಭಾವನ ಪ್ರೆಸ್ಸಿಗೆ ಆಯುಧಪೂಜೆ

ಭಾವ ತಿಂಗಳುಗಟ್ಟಲೆ ಯೋಚಿಸಿ ಪಿಸ್ತೂಲಿನ ತೋಟಾ ತುಂಬುವ ಆ ಪ್ರೆಸ್ ಆರಿಸಿದರು ಅಂತ ಅಕ್ಕ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಯೋಚನೆಯಂತೆ! ಅಂಗಡಿಯಲ್ಲಿ ಅವರ ಪಕ್ಕದಲ್ಲೇ ನಿಂತಿದ್ದವಳು ನಾನು. ಮನೆಯಲ್ಲಿ ತೋಟಾ ತುಂಬಲು ಹೊಸಬರಾದರೆ ಒಂದೊಂದನ್ನೇ ಮಾಡುವ ಪ್ರೆಸ್ ಸಾಕು ಎಂದ ಅಂಗಡಿಯವನು. ಭಾವನ ಕಣ್ಣೆಲ್ಲ ಪ್ರೊಗ್ರೆಸಿವ್ ಪ್ರೆಸ್ ಮೇಲೆ. ಅದರ ಹಿಡಿ ಎಳೆದಾಗಲೆಲ್ಲ ತಟ್ಟೆ ತಿರುಗಿ, ಒಂದು ಖಾಲಿ ತೋಟಾಕ್ಕೆ ಮದ್ದು ಬೀಳುತ್ತದೆ, ಮುಂದಿನದಕ್ಕೆ ಗುಂಡು ಕೂರುತ್ತದೆ.

"ಒಂದಕ್ಕೇ ಎರಡು ಸಲ ಮದ್ದು ಬಿದ್ರೆ ಗೊತ್ತಾಗೋದು ಹೇಗೆ?" ಎಂದೆ.

"ನಿನ್ನ ಡಿಬೇಟ್ ಕಾಲೇಜಲ್ಲಿ ಇಟ್ಕೋ ಮಾರಾಯ್ತಿ. ನಾನು ಎಂಜಿನಿಯರ್."

ಆಯುಧಪೂಜೆಯ ದಿನ ಅಮೆರಿಕದ ಇಸ್ಸಾಕ್ವಾ ಊರಿನ ಅವರ ಗರಾಜಿನಲ್ಲಿ ಕಾರಿನ ಜೊತೆ ಪ್ರೆಸ್ಸಿಗೂ ಕುಂಕುಮ, ಹೂವು, ಕೈತುಂಬ ಅಕ್ಷತೆ. ಮಂಗಳಾರತಿ ಮುಗಿದದ್ದೇ ಎಂಜಿನಿಯರ್ ಸಾಹೇಬರು ಕೆಲಸ ಶುರು ಮಾಡಿದರು. ಅಕ್ಕಿಕಾಳು ಸಿಕ್ಕಿಕೊಂಡು ತಟ್ಟೆ ಆಗಾಗ ನಿಂತುಬಿಡುತ್ತಿತ್ತು. ಅದು ತಿರುಗದಿದ್ದರೂ ಅವರು ಹಿಡಿಯನ್ನು ಮತ್ತೆ ಎಳೆಯುತ್ತಿದ್ದರು. ಹಾಗೆ ಎಳೆದರೆ ಅದೇ ತೋಟಾಕ್ಕೆ ಇನ್ನೊಮ್ಮೆ ಮದ್ದು ಬೀಳಬಹುದು. ಹಾರಿಸಿದವರ ಕೈಯಲ್ಲೇ ಪಿಸ್ತೂಲು ಸಿಡಿಯಲು ಅಂಥದ್ದು ಒಂದು ಸಾಕು.

"ದೇವರ ಅಕ್ಷತೆ, ಏನೂ ಆಗಲ್ಲ ಕಣೇ," ಎಂದಳು ಅಕ್ಕ. ಮರುದಿನ ಶೂಟಿಂಗ್ ರೇಂಜಿನಲ್ಲಿ ಮೊದಲು ಹಾರಿಸಬೇಕಾದವಳು ಅವಳೇ.

ಭಾವ ತಯಾರಾದ ತೋಟಾಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದು, ಮುಚ್ಚಳಕ್ಕೆ ಕೈಚಾಚಿದರು. ಹೊರಗಿನಿಂದ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ನಾನು ಡಬ್ಬಿಗೆ ಅಡ್ಡ ಕೈಯಿಟ್ಟು ಕೇಳಿದೆ:

"ಭಾವ, ನಾಳೆ ಅಕ್ಕನ ಕೈಗೆ ಇದರಲ್ಲಿ ಯಾವುದನ್ನು ಕೊಡ್ತೀರಿ, ತೋರಿಸ್ತೀರಾ?"